ಹಳದಿ ದೀಪದ ಪಂಡಿತರು

ಕೆ.ಎಂ.ದೊಡ್ಡಿ ಎಂದೇ ಜನರ ಬಾಯಲ್ಲಿರುವ ಭಾರತೀನಗರದಲ್ಲಿ ಬೈಕೊಂದು ನಿಂತರೆ ಸಾಕು, ಮೆಕ್ಯಾನಿಕ್ ಬರುವ ಮೊದಲೇ ಪಂಚಾಯ್ತಿ ಸೇರುತ್ತದೆ. ಟೀ ಅಂಗಡಿ ಬೆಂಚಿನಿಂದ ಒಬ್ಬರು, ಗೊಬ್ಬರದಂಗಡಿ ಜಗಲಿಯಿಂದ ಇಬ್ಬರು, ಸಕ್ಕರೆ ಕಾರ್ಖಾನೆ ಮುಂದೆ ಕಬ್ಬು ಹೇರಿಕೊಂಡು ಸಾಲು ನಿಂತ ಟ್ರ್ಯಾಕ್ಟರಿನಿಂದ ಇಳಿದು ಬಂದ ಡ್ರೈವರ್ ಒಬ್ಬ. ಹಿಂದೆ ಇವರೆಲ್ಲ ‘ಪ್ಲಗ್ಗು ನೋಡಿದ್ರಾ?’ ಎಂದು ಶುರು ಮಾಡುತ್ತಿದ್ದರು. ಈಗ ಎಲ್ಲರ ಕಣ್ಣೂ ಮೀಟರಿನಲ್ಲಿ ಉರಿಯುವ, ಎಂಜಿನ್ ಚಿತ್ರದ ಹಳದಿ ದೀಪದ ಮೇಲೆ. ದೀಪ ಹೇಳುವುದು ಗಾಡಿಗೆ ಜ್ವರ ಬಂದಿದೆ ಎಂದು ಮಾತ್ರ. ಯಾವ ಜ್ವರ ಎಂದಲ್ಲ. ಪಂಚಾಯ್ತಿಗೆ ಅಷ್ಟು ಧಾರಾಳವಾಯಿತು.

ಇದೆಲ್ಲ ಶುರುವಾದದ್ದು 2020ರ ಏಪ್ರಿಲ್ 1ರಿಂದ. ಗಾಡಿ ಹೊಗೆಗೆ ಮಿತಿ ಹಾಕುವ ನಿಯಮಗಳಲ್ಲಿ ಬಿಎಸ್-4ರ ಮೇಲೆ ಬಿಎಸ್-5 ಬರಬೇಕಿತ್ತು; ಸರ್ಕಾರ ಅದನ್ನು ಹಾರಿಸಿ ಒಂದೇ ನೆಗೆತಕ್ಕೆ ಬಿಎಸ್-6 ತಂದಿತು. ಹೆಚ್ಚಿನ ಹೊಸ ಬೈಕುಗಳಿಂದ ಕಾರ್ಬುರೇಟರ್ ಹೋಯಿತು. ಇಂಜೆಕ್ಟರ್, ಟ್ಯಾಂಕಿನೊಳಗೊಂದು ಪಂಪು, ಸೀಟಿನ ಕೆಳಗೊಂದು ಇಸಿಯು, ಅಂದರೆ ಎಂಜಿನ್ ಆಳುವ ಪುಟ್ಟ ಕಂಪ್ಯೂಟರು, ಬಂದವು. ಊರಿನ ಅರ್ಧ ಗಂಡಸರ ವಿದ್ಯೆ ಆವತ್ತೇ ಕೈಬಿಟ್ಟಿತು. ಬ್ರೇಕ್ ಕೇಬಲ್ಲಿನಿಂದ ಒಂದು ಎಳೆ ಕಿತ್ತು, ಜೆಟ್ಟಿನ ತೂತಿಗೆ ತೂರಿಸಿ, ಬಾಯಿಟ್ಟು ಉಫ್ ಎಂದು ಊದಿ, ತುಟಿಗೆ ಹತ್ತಿದ ಪೆಟ್ರೋಲನ್ನು ಉಗಿದು, ‘ಈಗ ಕಿಕ್ ಹೊಡಿ’ ಎನ್ನುತ್ತಿದ್ದವರು ಅವರು. ಆಮೇಲೆ ಬಂದ ಎಷ್ಟೋ ಗಾಡಿಗಳಿಗೆ ಕಿಕ್ಕರೇ ಇಲ್ಲ.

ಹಾಗಂತ ಅವರು ಸುಮ್ಮನೆ ಕೂತರೆ? ಕಾರ್ಬುರೇಟರ್ ಹೋದ ಜಾಗಕ್ಕೆ ಒಂದೇ ಮಂತ್ರ ಬಂತು: ‘ಬ್ಯಾಟ್ರಿ ವೈರ್ ಬಿಚ್ಚಿ ಹಾಕಣ್ಣ, ಸರಿ ಹೋಯ್ತದೆ.’ ಕೆಲವು ಗಾಡಿಗಳಲ್ಲಿ ದೀಪ ಆರುವುದೂ ನಿಜ. ಕೆಟ್ಟ ಸೆನ್ಸರ್ ಮಾತ್ರ ಕೆಟ್ಟೇ ಇರುತ್ತದೆ; ಮದ್ದೂರು ದಾಟುವ ಹೊತ್ತಿಗೆ ದೀಪ ಮತ್ತೆ ಹಾಜರ್.

ಆ ದೀಪದ ಭಾಷೆ ತಿಳಿದವರಿಗೆ ಅದು ಒಂದಿಷ್ಟು ಮಾತಾಡುತ್ತದೆ. ಹೋಂಡಾದ ಅನೇಕ ಬೈಕು, ಸ್ಕೂಟರುಗಳಲ್ಲಿ ದೀಪ ಲೆಕ್ಕವಿಟ್ಟು ಮಿಣುಕುತ್ತದೆ: ಉದ್ದನೆಯ ಮಿಣುಕಿಗೆ ಹತ್ತು, ಗಿಡ್ಡ ಮಿಣುಕಿಗೆ ಒಂದು. ಏಳು ಎಂದರೆ ಎಂಜಿನ್ ಶಾಖ ಅಳೆಯುವ ಸೆನ್ಸರ್. ಎಂಟು ಎಂದರೆ ಆಕ್ಸಿಲರೇಟರ್ ಎಷ್ಟು ತಿರುಗಿದೆ ಎಂದು ಹೇಳುವ ಥ್ರಾಟಲ್ ಸೆನ್ಸರ್. ಎರಡು ಉದ್ದ, ಒಂದು ಗಿಡ್ಡ ಎಂದರೆ ಇಪ್ಪತ್ತೊಂದು, ಹೊಗೆ ಕೊಳವೆಯ ಆಕ್ಸಿಜನ್ ಸೆನ್ಸರ್. ಇಷ್ಟು ಗೊತ್ತಿದ್ದರೆ ಕೆಲಸ ಸುಲಭ, ಪಂಚಾಯ್ತಿ ಇಲ್ಲದಿದ್ದರೆ. ನಿವೃತ್ತ ಲೆಕ್ಕದ ಮೇಷ್ಟ್ರು ಬಿಸಿಲಿಗೆ ಕೈ ಅಡ್ಡ ಹಿಡಿದು ‘ಐದು, ಆರು...’ ಎಂದು ಎಣಿಸುತ್ತಿರುವಾಗ ಪಕ್ಕದಲ್ಲಿ ಯಾರೋ ಈ ಸಲ ಕಬ್ಬಿಗೆ ಟನ್ನಿಗೆ ಎಷ್ಟು ಎಂದು ಕೇಳುತ್ತಾರೆ. ಎಣಿಕೆ ತಪ್ಪುತ್ತದೆ.

‘ಏಳೇ ಕಣ್ರಿ.’

‘ಎಂಟು ಸಾ, ನಾನ್ ನೋಡ್ನಲ್ಲ!’

ಕೈ ಎತ್ತಿಸಿ ಮತ ಹಾಕಿಸುವುದೊಂದು ಬಾಕಿ.

ಇಸಿಯುಗೆ ಒಂದು ಹಟವೂ ಇದೆ. ಹಲವು ಬೈಕುಗಳಲ್ಲಿ ಗಾಡಿ ಬಿತ್ತೆಂದು ತಿಳಿಯುವ ಸೆನ್ಸರ್ ಇರುತ್ತದೆ. ವಾಲಿದ್ದು ಮಿತಿ ಮೀರಿದರೆ ಎಂಜಿನ್ ತಾನೇ ನಿಲ್ಲುತ್ತದೆ. ಬಿದ್ದ ಸವಾರನ ಕಾಲಿಗೆ ತಿರುಗುವ ಚಕ್ರ ತಾಗಬಾರದು, ಪೆಟ್ರೋಲ್ ಸೋರಿ ಬೆಂಕಿ ಹತ್ತಬಾರದು ಎಂದು ಮಾಡಿದ ಏರ್ಪಾಡು, ಒಳ್ಳೆಯದೇ. ಆದರೆ ವಿ.ಸಿ. ನಾಲೆ ಏರಿಯ ಕೆಸರಿನಲ್ಲಿ ಹುಲ್ಲಿನ ಹೊರೆ ಸಮೇತ ಜಾರಿ ಮಲಗಿದ ಬೈಕನ್ನು ಎತ್ತಿ ನಿಲ್ಲಿಸಿ ಎಷ್ಟು ಸೆಲ್ಫ್ ಒತ್ತಿದರೂ ಅದು ಜಪ್ಪಯ್ಯ ಎನ್ನುವುದಿಲ್ಲ. ಕೀ ಆಫ್ ಮಾಡಿ ಮತ್ತೆ ಆನ್ ಮಾಡಬೇಕು, ಅಷ್ಟೇ. ಅದು ಗೊತ್ತಿಲ್ಲದೆ ದೊಡ್ಡಿಯವರೆಗೆ ತಳ್ಳಿಕೊಂಡು ಬಂದವನ ಗಾಡಿ ಗ್ಯಾರೇಜಿನ ಹುಡುಗ ಕೀ ತಿರುಗಿಸಿದ ಕೂಡಲೇ ಹೊರಡುತ್ತದೆ. ಹುಡುಗ ಆವತ್ತಿಂದ ‘ಕೈಗುಣದವನು’.

ಕಾರು ಇಟ್ಟವರ ಪಾಂಡಿತ್ಯ ಇನ್ನೂ ಒಂದು ಮೆಟ್ಟಿಲು ಮೇಲೆ. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಬೆಂಕಿಪೊಟ್ಟಣದಷ್ಟಿರುವ ಬ್ಲೂಟೂತ್ ಡಬ್ಬಿ ಚುಚ್ಚಿದರೆ ಮೊಬೈಲಿನಲ್ಲಿ ‘ಪಿ0562’ ಎಂಬಂಥ ಸಂಖ್ಯೆ ಮೂಡುತ್ತದೆ. ಅಮೆರಿಕ 1996ರಿಂದ ತನ್ನ ಕಾರುಗಳಿಗೆಲ್ಲ ಕಡ್ಡಾಯ ಮಾಡಿದ ಪದ್ಧತಿಯ ಸಂತಾನ ಇದು. ಡಬ್ಬಿಯ ಒಳಗಿನ ಚಿಪ್ಪಿನ ಕತೆಯಂತೂ ತಮಾಷೆಯಾಗಿದೆ. ಇಎಲ್ಎಂ327 ಎಂಬ ಆ ಚಿಪ್ಪನ್ನು ಮಾಡಿದ್ದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್. ಮೊದಲ ಚಿಪ್ಪಿನೊಳಗಿನ ಬರಹಕ್ಕೆ ಬೀಗ ಹಾಕಿರಲಿಲ್ಲವಾಗಿ ಜಗತ್ತೆಲ್ಲ ಅದನ್ನು ನಕಲು ಹೊಡೆಯಿತು. ‘ವರ್ಷನ್ 1.5’ ಎಂದು ಹೇಳಿಕೊಂಡು ಮಾರಾಟವಾಗುವ ಡಬ್ಬಿಗಳು ಬೇಕಾದಷ್ಟಿವೆ. ಅಸಲಿ ಕಂಪನಿ 1.5 ಎಂಬುದನ್ನು ಮಾಡಿಯೇ ಇರಲಿಲ್ಲ. 2022ರಲ್ಲಿ ಕಂಪನಿ ಬಾಗಿಲು ಹಾಕಿತು, ನಕಲುಗಳು ದೀರ್ಘಾಯುಷಿಗಳು.

ಪಿ0562 ಎಂದರೆ ವೋಲ್ಟೇಜ್ ಕಡಿಮೆ ಎಂದು. ಪಂಡಿತರಿಗೆ ಇದರಿಂದ ನಿರಾಸೆ. ‘ಇಸಿಯು ಹೋಗದೆ, ಮೂವತ್ತು ಸಾವಿರ ಆಯ್ತದೆ’ ಎಂದು ಅವರಾಗಲೇ ತೀರ್ಪು ಕೊಟ್ಟಾಗಿರುತ್ತದೆ. ನಿಜಕ್ಕೂ ಇಸಿಯು ಕೆಡುವುದು ಅಪರೂಪ. ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, ಎಂಜಿನ್ ಓಡುವಾಗ 14ರ ಆಸುಪಾಸು. ಅಗ್ಗದ ಮೀಟರೊಂದಿದ್ದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ. ಉಳಿದರ್ಧ ಅರ್ಥಿಂಗ್ ವೈರಿನದು: ಚಾಸಿಗೆ ಬಿಗಿದ ಬೋಲ್ಟಿನ ಕೆಳಗೆ ಹಸಿರು ಪಾಚಿಯಂತೆ ಕಿಲುಬು. ಬಿಚ್ಚಿ, ಉಪ್ಪುಕಾಗದದಲ್ಲಿ ತಾಮ್ರದ ಬಣ್ಣ ಕಾಣುವವರೆಗೆ ಉಜ್ಜಿ, ಬಿಗಿದರೆ ನಾಲ್ಕಾರು ಸೆನ್ಸರುಗಳು ಒಟ್ಟಿಗೆ ‘ವಾಸಿ’ಯಾಗುತ್ತವೆ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ವೈರ್ ಎಳೆದು ಕರೆಂಟು ಕಳಿಸಿದ ಸೀಮೆ ಇದು. ಮಳವಳ್ಳಿ ದಾರಿಯಲ್ಲಿ ಈಗ ಗಾಡಿಗಳು ನಿಲ್ಲುವುದು ಒಂದು ಗೇಣು ವೈರಿನಿಂದ.

ಹೊರದೇಶಗಳಲ್ಲಿ ರಜೆಗೆಂದು ಮೋಟಾರ್ ದೋಣಿ ಇಟ್ಟುಕೊಂಡವರ ಗೋಳೂ ಇದೇ. ಔಟ್‌ಬೋರ್ಡ್ ಎಂಜಿನ್ನುಗಳಿಗೂ ಇಸಿಯು ಬಂದು ಬಹಳ ಕಾಲವಾಯಿತು. ಅಲ್ಲೂ ಮೊದಲು ಬೈಸಿಕೊಳ್ಳುವುದು ಕಂಪ್ಯೂಟರು, ಕೊನೆಗೆ ಸಿಕ್ಕುವುದು ಉಪ್ಪುನೀರಿಗೆ ಕಿಲುಬಿದ ಕನೆಕ್ಟರು. ಸವಾರ ನೀರಿಗೆ ಬಿದ್ದರೆ ಎಂಜಿನ್ ನಿಲ್ಲಲೆಂದು ಕೈಗೋ ಸೊಂಟಕ್ಕೋ ಕಟ್ಟುವ ಕೆಂಪು ಹುರಿಯೊಂದಿರುತ್ತದೆ. ಅದರ ಕ್ಲಿಪ್ಪು ಜಾಗದಲ್ಲಿಲ್ಲದಿದ್ದರೆ ಎಂಜಿನ್ ಹತ್ತುವುದೇ ಇಲ್ಲ. ಅದನ್ನು ಬಿಟ್ಟು ಎಂಜಿನ್ ಬಿಚ್ಚಿ ಹರಡಿಕೊಂಡವರ ಸಂಖ್ಯೆ ಕಡಿಮೆ ಇರಲಾರದು. ನಮ್ಮಲ್ಲಿ ಮೊಮ್ಮಗ ಆಟವಾಡುತ್ತ ಒತ್ತಿಟ್ಟ ಹ್ಯಾಂಡಲ್ಲಿನ ಕೆಂಪು ಸ್ವಿಚ್ಚು ಆ ಕೆಲಸ ಮಾಡುತ್ತದೆ. ಕಾವೇರಿಯ ತೆಪ್ಪಕ್ಕೆ ಈ ಯಾವ ತಾಪತ್ರಯವೂ ಇಲ್ಲ. ತೂತು ಬಿದ್ದರೆ ಡಾಂಬರು ಬಳಿದರಾಯಿತು.

ಪೆಟ್ರೋಲಿನ ವಿಷಯ ಬಂದರೆ ಪಂಚಾಯ್ತಿ ಇಬ್ಭಾಗ. ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ಎಥೆನಾಲ್ ತೇವ ಹೀರುತ್ತದೆ; ನೀರು ಹೆಚ್ಚಾದರೆ ಎರಡೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳ ಸೇರುತ್ತವೆ, ಪಂಪು ಮೊದಲು ಹೀರುವುದೂ ಅದನ್ನೇ. ತಿಂಗಳುಗಟ್ಟಲೆ ನಿಲ್ಲುವ ದೋಣಿಗಳಿಗೆ ಇದು ದೊಡ್ಡ ಕಾಟ, ದಿನಾ ಓಡುವ ಬೈಕಿಗೆ ಅಷ್ಟಿಲ್ಲ. ಆದರೂ ಗಾಡಿ ಜರ್ಕ್ ಹೊಡೆದರೆ ‘ಎಲ್ಲ ಎಥೆನಾಲ್ ಮಹಿಮೆ’ ಎಂದು ಒಬ್ಬ ಶುರು ಮಾಡುತ್ತಾನೆ. ಎಥೆನಾಲಿನ ಒಂದು ಪಾಲು ಬರುವುದು ಕಬ್ಬಿನ ಹಾಲು, ಕಾಕಂಬಿಗಳಿಂದ ಎಂದು ಇನ್ನೊಬ್ಬ ನೆನಪಿಸಿದ ಮೇಲೆ ಕಬ್ಬು ಬೆಳೆದವರೆಲ್ಲ ಪಕ್ಷ ಬದಲಿಸುತ್ತಾರೆ.

ದೀಪ ಉರಿಯುವುದಕ್ಕೆ ಹಬ್ಬಗಳೂ ಕಾರಣ. ಆಯುಧಪೂಜೆಗೆ ಮುಂಚೆ ವಾಟರ್ ಸರ್ವಿಸ್ ಅಂಗಡಿ ಮುಂದೆ ಸಾಲು. ಸೀಟೆತ್ತಿ, ಪೈಪು ಹಿಡಿದು, ಕನೆಕ್ಟರುಗಳ ಸಂದಿಗೇ ರಭಸದ ನೀರು ನುಗ್ಗಿಸುತ್ತಾರೆ. ಕುಂಬಳಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸುವ ಹೊತ್ತಿಗೆ ಸರಿಯಾಗಿ ಹಳದಿ ದೀಪ. ಎರಡು ದಿನ ಬಿಸಿಲಿಗೆ ನಿಲ್ಲಿಸಿದರೆ ಎಷ್ಟೋ ಸಲ ತಾನೇ ಆರುತ್ತದೆ. ಆ ಕೀರ್ತಿ ಮಾತ್ರ ನಿಂಬೆಹಣ್ಣಿಗೆ.

ಎಲ್ಲಕ್ಕಿಂತ ದೊಡ್ಡ ಮೆಕ್ಯಾನಿಕ್ ಇಲಿ. ಗದ್ದೆ ಕುಯ್ದ ಮೇಲೆ ಅದು ಕೊಟ್ಟಿಗೆಗೆ ಬರುತ್ತದೆ, ಕೊಟ್ಟಿಗೆಯಲ್ಲಿ ಕಾರಿದ್ದರೆ ಬಾನೆಟ್ಟಿನೊಳಗೆ. ಸೆನ್ಸರ್ ವೈರನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಡಿದು ಹೋಗುತ್ತದೆ. ಒಬ್ಬರು ನುಸಿಗುಳಿಗೆ ಗಂಟು ಕಟ್ಟುತ್ತಾರೆ, ಇನ್ನೊಬ್ಬರು ಹೊಗೆಸೊಪ್ಪು. ಹೋಂಡಾ ಕಂಪನಿ ಇದಕ್ಕೆಂದೇ ಮೆಣಸಿನಕಾಯಿಯ ಖಾರದ ಸತ್ವ ಸೇರಿಸಿದ ಟೇಪೊಂದನ್ನು ಅಮೆರಿಕದಲ್ಲಿ ಮಾರುತ್ತದೆ. ವೈರಿಗೆ ಸುತ್ತಿದರೆ ಇಲಿ ಬಾಯಿ ಹಾಕುವುದಿಲ್ಲವಂತೆ. ಮೇಷ್ಟ್ರು ಇದನ್ನು ಮೊಬೈಲಿನಲ್ಲಿ ತೋರಿಸಿದಾಗ ಗ್ಯಾರೇಜಿನ ಹುಡುಗ ತಲೆ ಎತ್ತಲಿಲ್ಲ.

‘ಅದು ಅಮೆರಿಕದ ಇಲಿಗೆ ಸಾ. ನಮ್ ಇಲಿ ಉಪ್ಸಾರು ಖಾರ ತಿಂದು ಬೆಳದಿರೋದು. ಟೇಪು ಸುತ್ತುದ್ರೆ ಮುದ್ದೆ ಎಲ್ಲಿ ಅಂತ ಕೇಳ್ತದೆ.’