ಹೊಗೆ ಒಂದೇ, ಮೂಗು ಎರಡು

ಅಮೆರಿಕದಲ್ಲಿ ಹೆಂಗಸೊಬ್ಬಳು ಗಾಂಜಾ ಸೇದಿದರೆ ಅದು ಔಷಧಿಯೋ, ಚಟವೋ, ಅಪರಾಧವೋ? ಪಂಡಿತರನ್ನು ಕೇಳಿದರೆ ಪ್ರಶ್ನಾವಳಿ ಕೈಗಿಡುತ್ತಾರೆ. ಅಷ್ಟು ಕಷ್ಟವೇಕೆ, ಆಕೆಯ ಮೈಬಣ್ಣ ನೋಡಿದರೆ ಸಾಕು.

ಬಿಳಿಯ ತಾಯಿಗೆ ಬಾಲ್ಯದ ನೋವಿದೆ, ನಿದ್ದೆ ಹತ್ತುವುದಿಲ್ಲ. ಮಕ್ಕಳು ಮಲಗಿದ ಮೇಲೆ ಗಾಂಜಾ ಬೆರೆಸಿದ ಮಿಠಾಯಿಯೊಂದನ್ನು ಬಾಯಿಗೆ ಹಾಕಿಕೊಳ್ಳುತ್ತಾಳೆ. ಅದು ಸೆಲ್ಫ್ ಕೇರ್. ಕಪ್ಪು ತಾಯಿಗೂ ಬಾಲ್ಯದ ನೋವಿದೆ, ಆಕೆಗೂ ನಿದ್ದೆಯಿಲ್ಲ. ಆಕೆ ಅದೇ ಮಿಠಾಯಿ ತಿಂದರೆ ಮಕ್ಕಳ ಕಲ್ಯಾಣ ಇಲಾಖೆ ಬಾಗಿಲು ಬಡಿಯುತ್ತದೆ. ಇದ್ದಬದ್ದ ನಿದ್ದೆಯೂ ಹೋಯಿತು.

ಕಟ್ಟುಕಥೆ ಎನ್ನುವವರು ಫ್ಲಾರಿಡಾದ ಪಿನೆಲ್ಲಾಸ್ ಕೌಂಟಿಗೆ ಬನ್ನಿ. 1989ರಲ್ಲಿ ಅಲ್ಲಿ 715 ಬಸುರಿಯರ ಮೂತ್ರ ಪರೀಕ್ಷಿಸಿದರು. ಮಾದಕದ ಗುರುತು ಸಿಕ್ಕಿದ್ದು ಬಿಳಿಯರಲ್ಲಿ ಶೇ. 15.4, ಕಪ್ಪು ಹೆಂಗಸರಲ್ಲಿ ಶೇ. 14.1. ಗಾಂಜಾ ಒಂದನ್ನೇ ನೋಡಿದರೆ ಬಿಳಿಯರು 14.4, ಕಪ್ಪು ಹೆಂಗಸರು 6. ಸರ್ಕಾರಕ್ಕೆ ದೂರು ಹೋಗಿದ್ದು? ಕಪ್ಪು ಹೆಂಗಸರ ಮೇಲೆ ಸುಮಾರು ಹತ್ತು ಪಟ್ಟು ಹೆಚ್ಚು! ಅವರಲ್ಲಿ ಕೊಕೇನ್ ಜಾಸ್ತಿ ಇತ್ತಲ್ಲ ಎಂದು ಯಾರಾದರೂ ಗಂಟಲು ಸರಿಮಾಡಿಕೊಳ್ಳಬಹುದು. ಇತ್ತು ಸ್ವಾಮಿ, ಶೇ. 7.5ಕ್ಕೆ 1.8, ಅಂದರೆ ನಾಲ್ಕು ಪಟ್ಟು. ದೂರು ಹತ್ತು ಪಟ್ಟಾಗಲು ಬೇಕಾದ ಉಳಿದದ್ದು ಯಾವ ಸೀಸೆಯಲ್ಲಿತ್ತು?

ಈಗ ಸಂಶೋಧಕರಿಗೆ ಹೊಸ ಕುತೂಹಲ: ಬಾಲ್ಯದ ಆಘಾತಕ್ಕೂ ಗಾಂಜಾಕ್ಕೂ ಇರುವ ನಂಟು ಜನಾಂಗದಿಂದ ಜನಾಂಗಕ್ಕೆ ಬೇರೆಯಂತೆ, ಯಾಕಿರಬಹುದು? ಮೊದಲು ಅಳತೆಗೋಲನ್ನು ನೋಡಬೇಕಿತ್ತು. ಬಾಲ್ಯದ ಆಘಾತಕ್ಕೆ ಅಂಕ ಹಾಕುವ ಪದ್ಧತಿಯನ್ನು ಜಗತ್ತಿಗೆ ಹಬ್ಬಿಸಿದ 1998ರ ಅಧ್ಯಯನ ನಡೆದದ್ದು ಸ್ಯಾನ್ ಡಿಯಾಗೋದಲ್ಲಿ. ಉತ್ತರಿಸಿದವರು ಆರೋಗ್ಯ ವಿಮೆಯಿದ್ದವರು, ಬಹುಪಾಲು ಬಿಳಿಯರು. ಮನೆಯೊಳಗಿನ ಹೊಡೆತ, ಕುಡಿತ, ಜೈಲಿಗೆ ಹೋದ ಬಂಧು, ಎಲ್ಲಕ್ಕೂ ಅಂಕವಿತ್ತು. ದಾರಿಯಲ್ಲಿ ತಡೆದು ಜೇಬು ತಡಕುವ ಪೊಲೀಸಪ್ಪನಿಗೆ, ಬಣ್ಣ ನೋಡಿ ಸಿಗುವ ಬೈಗುಳಕ್ಕೆ ಸೊನ್ನೆ. ಆ ಪಟ್ಟಿಯ ಪ್ರಕಾರ ಆಘಾತವೆಲ್ಲ ಹೊಸ್ತಿಲ ಒಳಗೇ ಮುಗಿಯುತ್ತದೆ.

ಹೊಸ್ತಿಲ ಹೊರಗೆ ಲೆಕ್ಕ ಹೀಗಿದೆ: ಗಾಂಜಾ ಬಳಸುವವರು ಬಿಳಿಯರಲ್ಲೂ ಕಪ್ಪು ಜನರಲ್ಲೂ ಹೆಚ್ಚುಕಡಿಮೆ ಸಮ, ಇಟ್ಟುಕೊಂಡಿದ್ದಕ್ಕೆ ಬಂಧನವಾಗುವ ಸಾಧ್ಯತೆ ಕಪ್ಪು ಜನರಿಗೆ 3.64 ಪಟ್ಟು. ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು 2020ರಲ್ಲಿ ಕೊಟ್ಟ ಅಂಕಿ ಇದು. ಅಷ್ಟರಲ್ಲಿ ಕೊಲೊರಾಡೋದಲ್ಲಿ ಗಾಂಜಾ ಅಂಗಡಿ ಬಾಗಿಲು ತೆರೆದು ಆರು ವರ್ಷ ಕಳೆದಿತ್ತು.

ಆದ್ದರಿಂದ ಸಂಶೋಧಕ ಮಹಾಶಯರಲ್ಲಿ ಒಂದು ಅರಿಕೆ. ‘ನೀವು ಗಾಂಜಾ ಸೇದಲು ಕಾರಣವೇನು’ ಎಂದು ಆಕೆಯನ್ನು ಧಾರಾಳವಾಗಿ ಕೇಳಿ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ‘ಸೇದಿದ ಮೇಲೆ ನಿಮ್ಮ ಮನೆಗೆ ಯಾರು ಬಂದರು?’