ಸದರಿ ನಮೂನೆಯ ಹೇಳಿಕೆ

ದೃಷ್ಟಿ ಕಳೆದುಕೊಂಡ ಮಕ್ಕಳ ವಿದ್ಯಾಭ್ಯಾಸದ ಬಗ್ಗೆ ಮಂತ್ರಿಗಳು, ಅಧಿಕಾರಿಗಳು ಮತ್ತು ತಜ್ಞರು ಸಾಕಷ್ಟು ಮಾತನಾಡಿದ್ದಾರಾದರೂ, ಅವರೆಲ್ಲರಿಗಿಂತ ಹೆಚ್ಚು ಅಧಿಕಾರ ಚಲಾಯಿಸುವ ವಿದ್ಯಾರ್ಥಿವೇತನದ ಅರ್ಜಿ ನಮೂನೆಯನ್ನು ಈವರೆಗೆ ಯಾರೂ ಮಾತಿಗೆಳೆದಂತಿಲ್ಲ. ಆ ಕೊರತೆಯನ್ನು ನೀಗಿಸುವ ಈ ಕಾಲ್ಪನಿಕ ಸಂದರ್ಶನ ನಡೆದದ್ದು ಹಾವೇರಿ ತಾಲ್ಲೂಕಿನಲ್ಲಿ, ವರದಾ ನದಿಯ ದಂಡೆಯ ಹೊಸರಿತ್ತಿಯಲ್ಲಿ. 1943ರ ಏಪ್ರಿಲ್ 1ರಂದು ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರೂ ಅವರ ಇಬ್ಬರು ಸಂಗಡಿಗರೂ ಕಂದಾಯ ವಸೂಲಿಯ ಠಾಣ್ಯದ ಮೇಲೆ ದಾಳಿ ಮಾಡಿ ಗುಂಡಿಗೆ ಬಲಿಯಾದ ಊರು ಇದಾದ್ದರಿಂದ, ಸರ್ಕಾರಿ ಕಾಗದಗಳು ಇಲ್ಲಿ ಕೊಂಚ ಅಳುಕಿನಿಂದಲೇ ಬಾಯಿ ಬಿಡುತ್ತವೆ. ನಮೂನೆಯು ಸಂದರ್ಶನದ ಉದ್ದಕ್ಕೂ ತನ್ನನ್ನು ‘ಸದರಿ ನಮೂನೆ’ ಎಂದೇ ಕರೆದುಕೊಂಡಿತು.

ಪ್ರಶ್ನೆ: ತಮ್ಮ ಕೃಪೆಗೆ ಪಾತ್ರರಾಗುವವರು ಯಾರು?

ನಮೂನೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರು. ಒಂಬತ್ತು, ಹತ್ತನೆಯ ತರಗತಿಯವರಿಗೆ ಮೆಟ್ರಿಕ್‌ಪೂರ್ವ, ಅಲ್ಲಿಂದ ಸ್ನಾತಕೋತ್ತರ ಪದವಿಯವರೆಗೆ ಮೆಟ್ರಿಕೋತ್ತರ ವೇತನ. ಒಂದೇ ತಂದೆ ತಾಯಿಯ ಮಕ್ಕಳಲ್ಲಿ ಇಬ್ಬರಿಗೆ ಮಾತ್ರ ಅವಕಾಶ. ಮೂರನೆಯ ಮಗುವಿನ ಕುರುಡು ಸದರಿ ನಮೂನೆಗೆ ಕಾಣಿಸುವುದಿಲ್ಲ.

ಪ್ರಶ್ನೆ: ಇದೇ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗಯ್ಯನೂ ಅವನ ಸಹೋದರ ಗುರುಬಸಯ್ಯನೂ ಅಂಧರು. ಅವರು ಅರ್ಜಿ ಹಾಕಿದ್ದರೆ?

ನಮೂನೆ: ಇಬ್ಬರೇ ಆದ್ದರಿಂದ ಆ ನಿಯಮ ಅಡ್ಡ ಬರುತ್ತಿರಲಿಲ್ಲ. ಆದರೆ ವ್ಯಾಸಂಗ ಪ್ರಮಾಣಪತ್ರ, ಅಂದರೆ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಓದುತ್ತಿರುವುದಕ್ಕೆ ಮುಖ್ಯಸ್ಥರು ಕೊಡುವ ದೃಢೀಕರಣ, ಎಲ್ಲಿದೆ? ಮಠದಲ್ಲಿ ಹಾಡು ಕಲಿಯುವುದಕ್ಕೆ ಸದರಿ ನಮೂನೆಯಲ್ಲಿ ಅಂಕಣವಿಲ್ಲ. ತಿರಸ್ಕರಿಸಲಾಗಿದೆ.

ಹೀಗೆ ತಿರಸ್ಕೃತನಾದ ಗದಿಗಯ್ಯನೇ ಮುಂದೆ ಪಂಚಾಕ್ಷರ ಗವಾಯಿ ಎನಿಸಿದ್ದು. ಬಾಲಕನ ಕಂಠದ ಶಕ್ತಿಯನ್ನು ಗುರುತಿಸಿದ ಹಾನಗಲ್ಲಿನ ಕುಮಾರಸ್ವಾಮಿಗಳು ಅವನಿಗೆ ಕರ್ನಾಟಕ ಮತ್ತು ಹಿಂದುಸ್ತಾನಿ ಎರಡೂ ಪದ್ಧತಿಗಳ ಶಿಕ್ಷಣ ದೊರೆಯುವಂತೆ ಮಾಡಿ, ಅದರ ಭಾರವನ್ನೂ ತಾವೇ ಹೊತ್ತರು. ಇಲ್ಲಿ ಹಣ ಕೊಟ್ಟವರೂ ದಾರಿ ತೋರಿದವರೂ ಒಬ್ಬರೇ ಆಗಿದ್ದರು ಎಂಬುದು ಗಮನಾರ್ಹ. ಪಂಚಾಕ್ಷರ ಗವಾಯಿಗಳು ಅದೇ ಕ್ರಮವನ್ನು ಮುಂದುವರಿಸಿ, ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ ಶೈಶವದಲ್ಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜರನ್ನು ಬೆಳೆಸಿದರು. ಗುರುಗಳು 1944ರಲ್ಲಿ ತೀರಿಕೊಂಡ ಮೇಲೆ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಪುಟ್ಟರಾಜರು 2010ರವರೆಗೆ ನಡೆಸಿ, ಅಂಧ ಮತ್ತು ಅನಾಥ ಮಕ್ಕಳಿಗೆ ಅನ್ನದೊಂದಿಗೆ ಸಂಗೀತವನ್ನೂ ಕೊಟ್ಟರು. ಎಲ್ಲ ಅಂಧ ಮಕ್ಕಳಿಗೂ ಸಂಗೀತವೇ ಗತಿ ಎಂದು ಇದರಿಂದ ತೀರ್ಮಾನಿಸುವುದು ತಪ್ಪು. ಗಣಿತವನ್ನೋ ಕಾನೂನನ್ನೋ ಓದಬಯಸುವ ಮಗುವಿಗೆ ಇಂಥ ಪರಂಪರೆ ಇನ್ನೂ ಹುಟ್ಟಿಲ್ಲವೆಂಬುದೇ ಚಿಂತೆಯ ವಿಷಯ.

ಪ್ರಶ್ನೆ: ತಮ್ಮನ್ನು ಭರ್ತಿ ಮಾಡುವವರು ಯಾರು?

ನಮೂನೆ: ಅರ್ಜಿದಾರರೇ. ಕೊನೆಯಲ್ಲಿ ಕ್ಯಾಪ್ಚಾ ಇರುತ್ತದೆ, ಅಂದರೆ ಅರ್ಜಿ ಹಾಕುತ್ತಿರುವುದು ಯಂತ್ರವಲ್ಲ, ಮನುಷ್ಯ ಎಂದು ಖಚಿತಪಡಿಸಿಕೊಳ್ಳಲು ತೋರಿಸುವ ಸೊಟ್ಟ ಅಕ್ಷರಗಳ ಚಿತ್ರ. ಅದನ್ನು ನೋಡಿ ಓದಬೇಕು.

ಪ್ರಶ್ನೆ: ಅರ್ಜಿದಾರ ಕುರುಡನೆಂದು ಪ್ರಮಾಣಪತ್ರ ಕೇಳಿದ್ದೂ ತಾವೇ ಅಲ್ಲವೆ?

ನಮೂನೆ: ಅದು ಬೇರೆ ಪುಟ.

ತೆರೆಯ ಮೇಲಿನ ಬರಹವನ್ನು ಧ್ವನಿಯಾಗಿಸುವ ಸ್ಕ್ರೀನ್ ರೀಡರ್ ತಂತ್ರಾಂಶ ಇಂದು ಉಚಿತವಾಗಿಯೇ ಸಿಗುತ್ತದೆಯಾದರೂ, ಚಿತ್ರದೊಳಗೆ ಅಡಗಿಸಿಟ್ಟ ಅಕ್ಷರಗಳನ್ನು ಅದು ಓದಲಾರದು. 2025ರ ಏಪ್ರಿಲ್ 30ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಡಿಜಿಟಲ್ ಸೇವೆಗಳನ್ನು ತಲುಪುವ ಅವಕಾಶವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದು ಹೇಳಿದೆ. ಈ ವಿಷಯ ಪ್ರಸ್ತಾಪವಾದಾಗ ನಮೂನೆಯು ಸುತ್ತೋಲೆ ಇನ್ನೂ ಕೈಸೇರಿಲ್ಲವೆಂದಿತು.

ಪ್ರಶ್ನೆ: ಮಾರ್ಗದರ್ಶಕರಿಗೆ ತಮ್ಮಲ್ಲಿ ಸ್ಥಾನವಿದೆಯೆ?

ನಮೂನೆ: ಪರೀಕ್ಷೆಯಲ್ಲಿ ಲಿಪಿಕಾರನಿಗೆ, ಅಂದರೆ ವಿದ್ಯಾರ್ಥಿ ಹೇಳಿದ್ದನ್ನು ಬರೆದುಕೊಡುವ ಸಹಾಯಕನಿಗೆ, ಅವಕಾಶವುಂಟು, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವೂ ಉಂಟು. ವಿದ್ಯಾರ್ಥಿಯೇ ಲಿಪಿಕಾರನನ್ನು ಕರೆತಂದರೆ, 2018ರ ಮಾರ್ಗಸೂಚಿಯಂತೆ ಅವನ ವಿದ್ಯಾರ್ಹತೆ ಒಂದು ಮೆಟ್ಟಿಲು ಕೆಳಗಿರಬೇಕಿತ್ತು.

ನಕಲು ತಡೆಯಲು ಈ ಷರತ್ತು ಬೇಕೆಂಬುದು ಒಪ್ಪತಕ್ಕ ಮಾತೇ. ಆದರೆ ಅಂಧ ವಿದ್ಯಾರ್ಥಿಗಿಂತ ಕಡಿಮೆ ಓದಿದವನು ಅವನ ಪಕ್ಕದಲ್ಲಿ ಕೂರುವುದಕ್ಕೆ ಇಷ್ಟು ವಿವರವಾಗಿ ನಿಯಮ ಬರೆದ ವ್ಯವಸ್ಥೆಯು, ಹೆಚ್ಚು ಓದಿದವನೊಬ್ಬ ವರ್ಷವಿಡೀ ಅವನ ಜೊತೆಗಿರುವುದಕ್ಕೆ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಒಂದು ಸಾಲನ್ನೂ ಮೀಸಲಿಟ್ಟಿಲ್ಲ. ಯಾವ ಕೋರ್ಸಿಗೆ ಸೇರಬೇಕು, ಬ್ರೈಲ್ ಪುಸ್ತಕ ಎಲ್ಲಿ ಸಿಗುತ್ತದೆ, ಹಾಸ್ಟೆಲಿನಿಂದ ತರಗತಿಗೆ ಒಬ್ಬನೇ ಹೋಗುವುದು ಹೇಗೆ ಎಂಬ ಪ್ರಶ್ನೆಗಳಿಗೆ ಬ್ಯಾಂಕ್ ಖಾತೆಗೆ ಬೀಳುವ ಹಣ ಉತ್ತರಿಸುವುದಿಲ್ಲ. ಅದೇ ದಾರಿಯಲ್ಲಿ ನಡೆದು ಮುಂದೆ ಹೋದ ಮತ್ತೊಬ್ಬ ಅಂಧನೇ ಉತ್ತರಿಸಬೇಕು; ಪುಟ್ಟರಾಜರಿಗೆ ದೊರೆತದ್ದು ಅಂಥ ಗುರುವೇ.

ಪ್ರಶ್ನೆ: ಕೊನೆಯದಾಗಿ ಹೊಸರಿತ್ತಿಯವರಿಗೆ ಏನಾದರೂ ಹೇಳುವುದುಂಟೆ?

ನಮೂನೆ: ಅಂತಿಮ ದಿನಾಂಕ ಮೀರಬಾರದು.

ನಮೂನೆಯ ಈ ಒಂದು ಮಾತನ್ನು ಮಾತ್ರ ನಂಬಬಹುದು. ಕಣ್ಣು ಮಂದವಾದ ಮಗು ಮನೆಯಲ್ಲೋ ಓಣಿಯಲ್ಲೋ ಇದ್ದರೆ, ಓದುಗರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಂಡು ಮೊದಲು ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ ಮಾಡಿಸಲಿ, ಅರ್ಜಿ ತುಂಬುವಾಗ ಪಕ್ಕದಲ್ಲಿ ಕುಳಿತು ಓದಿ ಹೇಳಲಿ, ವೇತನ ಮಂಜೂರಾದ ಮೇಲೂ ಆ ಮನೆಗೆ ಹೋಗಿ ಬರುವುದನ್ನು ನಿಲ್ಲಿಸದಿರಲಿ.