ದೀಕ್ಷಾಸ್ನಾನದ ಆಲ್ಬಮ್: ಒಂದು ಶಾಸನಶಾಸ್ತ್ರೀಯ ವಿವೇಚನೆ

ಕರ್ನಾಟಕದ ಶಾಸನಗಳೆಂದರೆ ಕಲ್ಲು, ತಾಮ್ರ ಎಂದು ಹೇಳಿ ವಿದ್ವಾಂಸರು ಕೈತೊಳೆದುಕೊಂಡಿದ್ದಾರೆ. ಮಂಗಳೂರು ಕಡೆಯ ಕ್ರೈಸ್ತ ಮನೆಗಳ ಶೋಕೇಸಿನಲ್ಲಿ, ಗಲ್ಫಿನಿಂದ ಬಂದ ಗಾಜಿನ ಲೋಟಗಳ ಹಿಂದೆ ಅಡಗಿರುವ ಮೂರನೆಯ ಬಗೆ ಯಾರ ಕಣ್ಣಿಗೂ ಬೀಳದಿರುವುದು ವಿಷಾದನೀಯ. ಮಗುವಿನ ದೀಕ್ಷಾಸ್ನಾನದ ಆಲ್ಬಮ್ಮೇ ಆ ಬಗೆ. ಈ ಕೊರತೆಯನ್ನು ತುಂಬುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಕ್ಷೇತ್ರಕಾರ್ಯಕ್ಕೆ ಯಾವ ವಿಶ್ವವಿದ್ಯಾಲಯವೂ ಅನುದಾನ ಕೊಡಲಿಲ್ಲ. ‘ಸಣ್ಣ’ ಎಂಬ ಇಡ್ಲಿ ಮತ್ತು ಹಂದಿ ಬಫಾತ್ ಮಾತ್ರ ಧಾರಾಳವಾಗಿ ದೊರೆಯಿತು.

ಮೊದಲಿಗೆ ಈ ಶಾಸ್ತ್ರ ತಡವಾಗಿ ಹುಟ್ಟಿದ್ದೇಕೆಂದು ನೋಡೋಣ. ‘ಎಪಿಗ್ರಾಫಿಯ ಕರ್ನಾಟಿಕ’ ಶಾಸನಸಂಪುಟಗಳ ಬಿ. ಎಲ್. ರೈಸ್ ಲಂಡನ್ ಮಿಷನ್ನಿನ ಪಾದ್ರಿಯೊಬ್ಬರ ಮಗ, ಹುಟ್ಟಿದ್ದು 1837ರಲ್ಲಿ. ಫೋಟೊ ತೆಗೆಯುವ ಡಗೆರೋಟೈಪ್ ವಿಧಾನ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಎರಡೇ ವರ್ಷ ತಡವಾಗಿ ಹುಟ್ಟಿದ್ದರೆ ರೈಸರು ತಮ್ಮದೇ ಆಲ್ಬಮ್ ಇಟ್ಟುಕೊಂಡು ಕೆಲಸ ಶುರುಮಾಡಬಹುದಿತ್ತು. ಅದಿಲ್ಲದ್ದಕ್ಕೆ ಪಾಪ, ಊರೂರು ಅಲೆದು ಕಲ್ಲು ಓದಬೇಕಾಯಿತು.

ಪೂರ್ವಪಕ್ಷದ ವಾದ ಹೀಗಿದೆ: ಇಗರ್ಜಿಗೆ ಫೋಟೊ ಬೇಕಾಗಿಯೇ ಇಲ್ಲ. 1983ರ ಕಥೋಲಿಕ ಧರ್ಮಸಂಹಿತೆಯ ಪ್ರಕಾರ ಮಗುವಿನ ಹೆಸರು, ಸಂಸ್ಕಾರ ಕೊಟ್ಟವರು, ತಂದೆತಾಯಿ, ಜ್ಞಾನತಂದೆ, ಜ್ಞಾನತಾಯಿ, ಸ್ಥಳ, ದಿನಾಂಕ ಎಲ್ಲ ರಿಜಿಸ್ಟರಿನಲ್ಲಿ ಬರೆದರಾಯಿತು. ಫೋಟೊ ಅಂಟಿಸಲು ಅಲ್ಲಿ ಜಾಗವಿಲ್ಲ. ರಿಜಿಸ್ಟರೂ ಇಲ್ಲವಾದರೆ, ಯಾರಿಗೂ ಬಾಧಕವಾಗದ ಪಕ್ಷದಲ್ಲಿ, ಆಕ್ಷೇಪಕ್ಕೆ ಎಡೆಯಿಲ್ಲದ ಒಬ್ಬನೇ ಒಬ್ಬ ಸಾಕ್ಷಿ ಸಾಕು. ಸಿದ್ಧಾಂತ: ಇಡೀ ಕುಟುಂಬದಲ್ಲಿ ಆಕ್ಷೇಪಕ್ಕೆ ಎಡೆಯಿಲ್ಲದವರು ಒಬ್ಬರೂ ಸಿಗದ ಕಾರಣಕ್ಕೇ ಕ್ಯಾಮೆರಾ ಬಂತು.

ತಾರೀಖಿಲ್ಲದ ಆಲ್ಬಮ್ಮಿನ ಕಾಲನಿರ್ಣಯಕ್ಕೆ ಶಿಶುವಿನ ಬಾಯಿಯೇ ಆಧಾರ. ಹಿಂದೆ ಸಂಸ್ಕಾರದ ನಡುವೆ ಮಗುವಿನ ನಾಲಿಗೆಗೆ ಒಂದು ಚಿಟಿಕೆ ಉಪ್ಪು ಹಾಕುತ್ತಿದ್ದರು. 1969ರ ಹೊಸ ವಿಧಿ ಅದನ್ನು ಕೈಬಿಟ್ಟಿತು. ಆದ್ದರಿಂದ ಕಪ್ಪುಬಿಳುಪು ಚಿತ್ರದಲ್ಲಿ ಮುಖ ಕಿವುಚಿದ ಕೂಸು ಕಂಡರೆ ಅದು ಲವಣಯುಗದ್ದೆಂದು ತಿಳಿಯತಕ್ಕದ್ದು. (ಮುಂದೆ ಎಪ್ಪತ್ತು ವರ್ಷ ಅದೇ ಮುಖಭಾವದಲ್ಲಿ ಉಳಿದವರನ್ನೂ ನಾನು ಬಲ್ಲೆ, ಅದು ಬೇರೆ ಸಂಶೋಧನೆಯ ವಿಷಯ.)

ಇನ್ನು ಮೂಲಪಾಠ. ಫಾದರ್ ಮಗುವಿನ ತಲೆಯ ಮೇಲೆ ಮೂರು ಸಲ ನೀರು ಹೊಯ್ಯುತ್ತಾರೆ, ಅಂದರೆ ಫೋಟೊಗ್ರಾಫರನಿಗೆ ಮೂರು ಅವಕಾಶ. ಮೊದಲನೆಯದರಲ್ಲಿ ಫಾದರ್ ಅವರ ಮೊಣಕೈ ಬರುತ್ತದೆ. ಎರಡನೆಯದರಲ್ಲಿ ಮೊಬೈಲ್ ಎತ್ತಿ ಹಿಡಿದ ದೊಡ್ಡಪ್ಪನ ಕೈ. ಮೂರನೆಯದರಲ್ಲಿ ಫ್ಲ್ಯಾಶ್ ಇನ್ನೂ ಚಾರ್ಜ್ ಆಗುತ್ತಿರುತ್ತದೆ. ಇನ್ನೊಂದು ಸಲ ನೀರು ಹಾಕಿ ಎನ್ನುವಂತಿಲ್ಲ. ಈ ಸಂಸ್ಕಾರ ಜನ್ಮಕ್ಕೆ ಒಂದೇ ಸಲ, ರೀಟೇಕ್ ಇಲ್ಲ.

ಇಲ್ಲಿಂದ ಹುಟ್ಟುವುದೇ ಕೂಟಶಾಸನ, ಅಂದರೆ ನಕಲಿ ಶಾಸನ. ಎಲ್ಲ ಮುಗಿದ ಮೇಲೆ, “ಫಾದರ್, ಒಂದು ನಿಮಿಷ, ಸುಮ್ಮನೆ ಹೊಯ್ದ ಹಾಗೆ ಮಾಡಿ” ಎಂಬ ಕೋರಿಕೆಯ ಮೇರೆಗೆ ನೀರು ಹೊಯ್ಯುವ ಚಿಪ್ಪನ್ನು ಖಾಲಿಯೇ ಎತ್ತಿ ಹಿಡಿಸಿ ತೆಗೆದ ಚಿತ್ರ. ಆಲ್ಬಮ್ಮಿನ ಮುಖಪುಟಕ್ಕೆ, ಹಾಲಿನ ಗೋಡೆಗೆ, ದುಬೈಯ ಅತ್ತೆಯ ವಾಟ್ಸಾಪಿಗೆ ಹೋಗುವುದು ಇದೇ. ಪತ್ತೆಹಚ್ಚುವ ಲಕ್ಷಣಗಳು ಸುಲಭ. ನೀರು ಬೀಳುವ ಮೊದಲೇ ಕೂದಲು ತಲೆಗೆ ಅಂಟಿಕೊಂಡಿರುತ್ತದೆ. ಕೊನೆಗೆ ಹೊತ್ತಿಸಬೇಕಾದ ಮೇಣದಬತ್ತಿ ಆಗಲೇ ಜ್ಞಾನತಂದೆಯ ಕೈಯಲ್ಲಿ ಅರ್ಧ ಕರಗಿರುತ್ತದೆ. ಅತ್ತು ಅತ್ತು ಸಾಕಾಗಿ ಮಗು ನಿದ್ದೆ ಹೋಗಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಸಲಿ ಚಿತ್ರದಲ್ಲಿ ಎಲ್ಲರೂ ಮಗುವನ್ನು ನೋಡುತ್ತಿರುತ್ತಾರೆ, ಕೂಟಶಾಸನದಲ್ಲಿ ಎಲ್ಲರೂ ನಮ್ಮನ್ನು ನೋಡುತ್ತಾರೆ.

ಬಿಳಿ ಉಡುಪಿನ ಸಮಸ್ಯೆ ಇನ್ನೂ ಗಹನವಾದದ್ದು. ದೀಕ್ಷೆ ಪಡೆದ ಮಗುವಿಗೆ ಹೊಸ ಬದುಕಿನ ಗುರುತಾಗಿ ಬಿಳಿ ವಸ್ತ್ರ ತೊಡಿಸುತ್ತಾರೆ. ಆದರೆ ಕ್ಯಾಮೆರಾದ ಮೀಟರಿಗೆ ಅದರದ್ದೇ ದೈವಶಾಸ್ತ್ರವಿದೆ: ಲೋಕವೆಲ್ಲ ಸರಾಸರಿ ಶೇಕಡಾ 18ರ ಬೂದು ಎಂದು ಅದರ ನಂಬಿಕೆ. ಚೌಕಟ್ಟಿನ ತುಂಬ ಬಿಳಿ ಲೇಸು ಕಂಡರೆ ಅದನ್ನೂ ಎಳೆದು ಬೂದು ಮಾಡುತ್ತದೆ. ಜನ್ಮಪಾಪ ತೊಳೆದು ಐದು ನಿಮಿಷ ಆಗಿಲ್ಲ, ಫೋಟೊದಲ್ಲಿ ಮಗು ಮಾಸಲು. ಎಕ್ಸ್‌ಪೋಶರನ್ನು ಒಂದು ಸ್ಟಾಪ್ ಏರಿಸುವುದೇ ಪರಿಹಾರ. ಏರಿಸಿದರೆ ಅಜ್ಜಿಯ ಜರಿ ಸೀರೆ ಉರಿದುಹೋಗುತ್ತದೆ. ಅಜ್ಜಿ ಮುಖ್ಯವೋ ಮೋಕ್ಷ ಮುಖ್ಯವೋ ಎಂಬ ಪ್ರಶ್ನೆಗೆ ಫೋಟೊಗ್ರಾಫರರು ಒಮ್ಮತದಿಂದ ಅಜ್ಜಿ ಎಂದಿದ್ದಾರೆ. ಬಿಲ್ ಕೊಡುವವರು ಅವರೇ.

ಸಾಕ್ಷಿಗಳ ಪಟ್ಟಿ ಯಾವ ದಾನಶಾಸನಕ್ಕೂ ಕಡಿಮೆಯಿಲ್ಲ. ಗ್ರೂಪ್ ಫೋಟೊದಲ್ಲಿ ಯಾರು ಯಾರ ಪಕ್ಕ ನಿಂತರು, ಆಸ್ತಿ ಪಾಲಾದ ಮೇಲೆ ಯಾರು ಯಾವ ತುದಿಗೆ ಸರಿದರು, ಜ್ಞಾನತಾಯಿಯಾಗಿ ಯಾವ ಕಡೆಯ ಸೊಸೆ ಆಯ್ಕೆಯಾದಳು, ಆಯ್ಕೆಯಾಗದವಳ ನಗು ಎಷ್ಟು ಅಗಲವಿದೆ, ಎಲ್ಲ ದಾಖಲಾಗಿದೆ. ಇಲ್ಲದಿರುವುದು ತಾಯಿ ಮಾತ್ರ. ಇದಕ್ಕೆ ಪರಂಪರೆಯೇ ಇದೆ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಒಂದು ಚಿತ್ರಕ್ಕೆ ಹಲವು ಸೆಕೆಂಡು ಹಿಡಿಯುತ್ತಿದ್ದುದರಿಂದ, ಮಗು ಅಲುಗಾಡದಂತೆ ತಾಯಿಯೇ ಹಿಡಿದು ಕೂರುತ್ತಿದ್ದಳು. ಅವಳ ಮೇಲೆ ಬಟ್ಟೆ ಹೊದಿಸಿ ಕುರ್ಚಿಯಂತೆ ಕಾಣಿಸುತ್ತಿದ್ದರು. ಈಗ ಸೆಕೆಂಡಿನ ನೂರನೆಯ ಒಂದು ಭಾಗ ಸಾಕು, ಬಟ್ಟೆ ಬೇಕಿಲ್ಲ. ಆದರೂ ನಾನು ಪರಿಶೀಲಿಸಿದ ಒಂದು ಆಲ್ಬಮ್ಮಿನಲ್ಲಿ, ಜ್ಞಾನತಾಯಿಯ ತೋಳಿನ ಹಿಂದಿನಿಂದ ಒಂದು ಕೈ ಚಾಚಿಕೊಂಡಿದೆ: ಎರಡು ಬಳೆ, ಮಡಚಿದ ಟವೆಲ್, ಬೆರಳ ಸಂದಿಯಲ್ಲಿ ಹಾಲಿನ ಬಾಟಲಿಯ ಮುಚ್ಚಳ. ಹೆತ್ತವಳ ಬಗ್ಗೆ ಸಿಗುವ ಪ್ರಾಥಮಿಕ ಆಕರ ಇಷ್ಟೇ.

ಶಾಸನಗಳು ಆಚಂದ್ರಾರ್ಕ ಬಾಳಲೆಂದು ಹಾರೈಸುತ್ತವೆ. ಆಲ್ಬಮ್ಮುಗಳ ಆಚಂದ್ರಾರ್ಕ ಕರಾವಳಿಯ ಕೆಲವು ಮಳೆಗಾಲಗಳವರೆಗೆ ಮಾತ್ರ. ಬಳಿಕ ಬೂಷ್ಟು ಹಿಡಿದು ಪ್ಲಾಸ್ಟಿಕ್ ಹಾಳೆ ಚಿತ್ರಕ್ಕೆ ಅಂಟುತ್ತದೆ, ಬಿಡಿಸಹೋದರೆ ಫಾದರ್ ಅವರ ಮುಖವೂ ಜೊತೆಗೇ ಬರುತ್ತದೆ. ಪೆನ್‌ಡ್ರೈವಿನಲ್ಲಿರುವ ಆಧುನಿಕ ಶಾಸನಗಳನ್ನು ಓದಲು ಮೊದಲು ಪೆನ್‌ಡ್ರೈವ್ ಎಲ್ಲಿಟ್ಟಿದೆಯೆಂದು ಹುಡುಕಬೇಕು.

ಕೊನೆಗೆ, ಶಾಸನ ಕೆಡಿಸುವವರಿಗೆ ಹಾಕುವ ಶಾಪಾಶಯ. ಇಲ್ಲಿ ಅದು ಲಿಖಿತವಲ್ಲ, ಮೌಖಿಕ. ನೋಡಿ ಕೊಡುತ್ತೇನೆಂದು ಆಲ್ಬಮ್ ಒಯ್ದು ವಾಪಸು ಕೊಡದವರು, ಅದರಿಂದ ತಮ್ಮ ಫೋಟೊ ಕಿತ್ತುಕೊಂಡವರು, ‘ಮಗು ಯಾಕೆ ಇಷ್ಟು ಕಪ್ಪಾಗಿದೆ’ ಎಂದವರು, ಇವರ್ಯಾರಿಗೂ ಎರಡನೆಯ ಮಗುವಿನ ದೀಕ್ಷಾಸ್ನಾನಕ್ಕೆ ಕರೆಯಿಲ್ಲ. ಕರೆದರೂ ಊಟಕ್ಕಿಲ್ಲ, ಇಗರ್ಜಿಗೆ ಮಾತ್ರ.